ಹೋಳಿಗೆ ಎಷ್ಟು ಗ್ರಾಂ?

ನಾನು ಮಗಳು ಇಬ್ರೂ ಬಾಲ್ಟಿಕ್ ಸಮುದ್ರದ ದಂಡೆಲಿರೋ ಒಂದು ಮಕ್ಕಳ ರಿಹ್ಯಾಬ್‌ಗೆ, ಅಂದ್ರೆ ಕಾಯಿಲೆ ಜೊತೆ ಬದುಕೋದು ಕಲಿಸೋ ಆಸ್ಪತ್ರೆಗೆ, ಬಂದು ಮೂರನೇ ವಾರ. ಅವಳಿಗೆ ಒಂಬತ್ತು ವರ್ಷ, ಟೈಪ್ 1 ಶುಗರ್ (ಮೈಲಿ ಇನ್ಸುಲಿನ್ ಆಗದೆ ಹೊರಗಿಂದ ಕೊಡ್ಬೇಕಾದ್ದು) ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ರಿಹ್ಯಾಬ್ ಅಂದ ತಕ್ಷಣ ತುಮಕೂರಿಂದ ನಮ್ಮಣ್ಣ, "ಅದು ಕುಡಿಯೋರನ್ನ ಹಾಕೋ ಜಾಗ ಅಲ್ವೇನೇ?" ಅಂದ. ಖರ್ಚು ಕೊಡೋದು ಜರ್ಮನಿಯ ಪಿಂಚಣಿ ವಿಮೆಯೋರು ಅಂದಾಗಂತೂ ಬಿದ್ದು ಬಿದ್ದು ನಕ್ಕ. ಇವರ ಲೆಕ್ಕ ಏನಂದ್ರೆ ಈಗ ನೆಟ್ಟಗೆ ನೋಡ್ಕೊಂಡ್ರೆ ಮುಂದೆ ಇದೇ ಮಕ್ಕಳು ದುಡಿದು ಆ ವಿಮೆಗೆ ಕಂತು ಕಟ್ತಾರೆ. ಸಾಮಾನ್ಯವಾಗಿ ನಾಲ್ಕು ವಾರ, ಮಗೂಗೆ 12 ವರ್ಷ ತುಂಬೋವರೆಗೂ ಅಪ್ಪನೋ ಅಮ್ಮನೋ ಜೊತೆಗಿರಬಹುದು, ಶಾಲೆ ಪಾಠನೂ ಇಲ್ಲೇ.

ಮೊನ್ನೆ ಮಧ್ಯಾಹ್ನ ಊಟದ ಹಾಲ್‌ನಲ್ಲಿ ಮಗಳು ತಟ್ಟೆನ ತಕ್ಕಡಿ ಮೇಲಿಟ್ಟು ಅನ್ನ ತೂಗ್ತಿದ್ಲು. 150 ಗ್ರಾಂ. ನೂರು ಗ್ರಾಂ ಅನ್ನಕ್ಕೆ ಸುಮಾರು 28 ಗ್ರಾಂ ಕಾರ್ಬ್ಸ್ (ರಕ್ತದಲ್ಲಿ ಸಕ್ಕರೆಯಾಗೋ ಪಿಷ್ಟ), ಅಂದ್ರೆ 42, ಬೆರಳಲ್ಲೇ ಲೆಕ್ಕ ಮುಗಿಸಿ ಅಷ್ಟಕ್ಕೆ ತಕ್ಕ ಇನ್ಸುಲಿನ್‌ಗೆ ಪಂಪ್ ಒತ್ತಿದ್ಲು. ಎದುರಿನ ಹುಡುಗ ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಪೆನ್ ಚುಚ್ಕೊಂಡು, ಚುಚ್ಕೊಳ್ತಾನೇ ಫುಟ್‌ಬಾಲ್ ಬಗ್ಗೆ ಜಗಳ ಮಾಡ್ತಿದ್ದ. ಇವಳು ಅವನನ್ನೇ ನೋಡ್ತಾ ಇದ್ದೋಳು ಕನ್ನಡದಲ್ಲಿ ಕೇಳಿದ್ಲು, "ಅಮ್ಮ, ಇಲ್ಲಿ ಯಾರೂ ಬಾತ್‌ರೂಮಿಗೆ ಹೋಗಲ್ವಲ್ಲ, ಊರಲ್ಲಿ ಮಾತ್ರ ಯಾಕೆ ಹೋಗ್ಬೇಕಿತ್ತು?"

ನಂಗೆ ತುತ್ತು ಇಳೀಲಿಲ್ಲ.

ಹೋದ ವರ್ಷ ಊರಲ್ಲಿ ಮದುವೆ, ಆಗಿನ್ನೂ ಪಂಪ್ ಇರ್ಲಿಲ್ಲ. "ಹೆಣ್ಮಗು ಕಣೇ, ನಾಲ್ಕು ಜನರ ಮುಂದೆ ಸೂಜಿ ಗೀಜಿ ತೆಗೀಬೇಡ" ಅಂತ ಅಮ್ಮ ಮೊದಲೇ ಹೇಳಿದ್ರು, ನಾನೂ ತಲೆ ಆಡಿಸಿದ್ದೆ. ಎಲೆ ಹಾಕಿದ್ದು ನೋಡಿ ಇವಳನ್ನ ಛತ್ರದ ಬಾತ್‌ರೂಮಿಗೆ ಎಳ್ಕೊಂಡು ಹೋಗಿ ಚಿಲಕ ಹಾಕಿದೆ. ಒದ್ದೆ ನೆಲ, ಇವಳು ರೇಷ್ಮೆ ಲಂಗ ಎತ್ತಿ ಅದರ ಅಂಚನ್ನ ಹಲ್ಲಲ್ಲಿ ಕಚ್ಕೊಂಡು ನಿಂತಿದ್ಲು, ಹೊರಗಡೆ ಯಾರೋ ಬಾಗ್ಲು ಬಡೀತಿದ್ರು. ವಾಪಸ್ ಬರೋಷ್ಟರಲ್ಲಿ ನಮ್ಮ ಎಲೆ ಮುಂದೆ ಬೇರೆ ಯಾರೋ ಕೂತು ಕೋಸಂಬರಿ ತಿಂತಿದ್ರು. ಇನ್ನು ಮುಂದಿನ ಪಂಕ್ತಿಗೇ. ಇನ್ಸುಲಿನ್ ಒಳಗೆ ಹೋಗಿದೆ, ಊಟ ಇಲ್ಲ. ಸ್ವಲ್ಪ ಹೊತ್ತಿಗೆ ಮೈಗೆ ಅಂಟಿಸಿದ್ದ ಶುಗರ್ ಸೆನ್ಸರ್ ಕೂಗಿತು, 62. 70ಕ್ಕಿಂತ ಕೆಳಗಿಳಿದ್ರೆ ತಕ್ಷಣ ಸಿಹಿ ಕೊಡ್ಬೇಕು, ಗ್ಲೂಕೋಸ್ ಮಾತ್ರೆ ಇದ್ದ ಬ್ಯಾಗ್ ಕಾರಲ್ಲಿ. ಓಡಿಹೋಗಿ ಬಾಗಿಲಲ್ಲಿ ಪನ್ನೀರು ಇಟ್ಟಿರೋ ಟೇಬಲ್ಲಿಂದ ಕಲ್ಲುಸಕ್ಕರೆ ಬಾಚ್ಕೊಂಡು ಬಂದು ಇವಳ ಬಾಯಿಗೆ ಹಾಕ್ತಿದ್ದೆ, ಇವಳ ಕೈ ನಡುಗ್ತಿತ್ತು. ದೊಡ್ಡಮ್ಮ ಒಬ್ರು ನೋಡಿ, "ಅಷ್ಟೊಂದು ಸಕ್ಕರೆ ತಿನ್ನಿಸ್ಬೇಡ್ವೇ, ಶುಗರ್ ಬಂದೀತು" ಅಂದ್ರು. ನಾನು ನಕ್ಕುಬಿಟ್ಟೆ, ಇನ್ನೇನ್ ಮಾಡ್ಲಿ.

ಊರಲ್ಲಿ ಒಳ್ಳೆ ಡಾಕ್ಟ್ರಿಲ್ಲ ಅಂತಲ್ಲ, ಇದ್ದಾರೆ. ಚಿಲಕ ಹಾಕಿದ್ದು ನಾನೇ.

ಮಗಳಿಗೆ, "ನಂದೇ ತಪ್ಪು ಪುಟ್ಟಿ" ಅಂದೆ. ಅವಳು "ಹ್ಮ್" ಅಂದು ಮೊಸರಿಗೆ ಕೈ ಹಾಕಿದ್ಲು. ರಾತ್ರಿ ಅವಳೇ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಪಂಪ್ ತೋರಿಸಿದ್ಲು. ಅಮ್ಮ ಮೊದಲು ಹಿಂದೆ ತಿರುಗಿ ಮನೇಲಿ ಯಾರಾದ್ರೂ ಬಂದಿದಾರಾ ಅಂತ ನೋಡಿದ್ರು, ಆಮೇಲೆ ಕನ್ನಡಕ ಹಾಕ್ಕೊಂಡ್ರು.

"ಅಜ್ಜಿ, ನೀವು ಮಾಡೋ ಹೋಳಿಗೆ ಒಂದು ಎಷ್ಟು ಗ್ರಾಂ?"

"ಅಯ್ಯೋ, ಯಾರು ತೂಗಿದಾರಮ್ಮ, ಎಲ್ಲಾ ಕೈಯಳತೆ."

"ಸರಿ ಬಿಡಿ, ಡಿಸೆಂಬರಲ್ಲಿ ಬರ್ತಾ ತಕ್ಕಡಿ ತರ್ತೀನಿ. ಹಾಲ್‌ನಲ್ಲೇ ಇಡೋಣ."