ಎರೆ ಹೊಲ, ಕೆಂಪು ಹೊಲ

ನಮ್ಮದು ತುಮಕೂರು ಕಡೆಯ ಕೆಂಪು ಮಣ್ಣು. ಮಳೆ ನಿಂತ ಮಾರನೇ ದಿನವೇ ಉಳಬಹುದು, ಆದರೆ ಎಂಟು ಹತ್ತು ದಿನ ಮಳೆ ಕೈಕೊಟ್ಟರೆ ರಾಗಿ ಪೈರು ಬಾಡಿ ನಿಲ್ಲುತ್ತದೆ. ಹೋದ ವರ್ಷ ಗದಗ ಕಡೆಯ ನೆಂಟರ ಎರೆ ಹೊಲಕ್ಕೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ಹೋಗಿದ್ದೆ. ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮಣ್ಣು ಮೆತ್ತಿ ದಪ್ಪ ಆಗ್ತಾ ಹೋಯಿತು.

ವ್ಯತ್ಯಾಸ ಇರುವುದು ಕಣದ ಗಾತ್ರದಲ್ಲಿ. ನಮ್ಮ ಕೆಂಪು ಮಣ್ಣಿನಲ್ಲಿ ಮರಳು ಹೆಚ್ಚು; ಮರಳಿನ ಕಣ 2 ಮಿಲಿಮೀಟರ್‌ವರೆಗೂ ಇರುತ್ತದೆ, ನಡುವಿನ ಸಂದು ದೊಡ್ಡದು, ನೀರು ಸರ್ರನೆ ಇಳಿದುಹೋಗುತ್ತದೆ. ಎರೆಯಲ್ಲಿ ಜೇಡಿ ಹೆಚ್ಚು; ಜೇಡಿಯ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು. ಸಂದುಗಳು ಲೆಕ್ಕವಿಲ್ಲದಷ್ಟು, ಆದರೆ ತೀರಾ ಕಿರಿದು, ಹಾಗಾಗಿ ನೀರು ಅಲ್ಲೇ ಅಂಟಿಕೊಂಡು ಕೂರುತ್ತದೆ. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಹೆಚ್ಚಾಗಿ ಈ ಹಿಡಿದಿಟ್ಟ ತೇವದ ಮೇಲೆಯೇ. ನನಗೆ ಇದು ಈಗಲೂ ಬೆರಗು.

ಹಾಗಂತ ಹಿಡಿದ ನೀರೆಲ್ಲ ಬೇರಿಗೆ ಸಿಗುವುದಿಲ್ಲ, ಒಂದಷ್ಟನ್ನು ಜೇಡಿ ಬಿಟ್ಟುಕೊಡುವುದೇ ಇಲ್ಲ. ಮಳೆ ಜಾಸ್ತಿಯಾದರೆ ನೀರು ಬಸಿಯದೆ ನಿಂತು ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಕೈ ತೂರುವಷ್ಟು ಬಿರಿಯುತ್ತದೆ, ಮೊದಲ ಮಳೆ ಆ ಬಿರುಕಿನಲ್ಲೇ ಆಳಕ್ಕೆ ಇಳಿಯುತ್ತದೆ.

ತೇವ ಹಿಡಿಯಲಿ ಅಂತ ಈ ಸಲ ನಮ್ಮ ಹೊಲಕ್ಕೆ ಕೆರೆಗೋಡು (ಕೆರೆಯ ಹೂಳು), ಕೊಟ್ಟಿಗೆ ಗೊಬ್ಬರ ಹೊಡೆಸಿದ್ದೇವೆ. ಮೊನ್ನೆ ಬದುವಿನ ಪಕ್ಕ ಸುಮ್ನೆ ಒಂದು ಹಿಡಿ ಮಣ್ಣು ಹಿಸುಕಿ ನೋಡಿದೆ. ಉಂಡೆ ಕಟ್ಟಿತು.