ಮರಗಳ ವಿಕಿ: ಆರನೇ ವಾರ

ಶಾಲೆಯ ಸುತ್ತಲಿನ ಮರಗಳ ಬಗ್ಗೆ ಎಂಟನೇ ತರಗತಿ ಮಕ್ಕಳು ವಿಕಿ (ಒಂದಕ್ಕೊಂದು ಕೊಂಡಿ ಹಾಕಿದ ಬರಹಗಳ ಸಂಗ್ರಹ) ಬರೆಯುತ್ತಿದ್ದಾರಲ್ಲ, ಅದಕ್ಕೆ ಆರು ವಾರ ತುಂಬಿತು. ಈವರೆಗೆ 23 ಚೀಟಿ. ನಾವು ಬಳಸುವ ಟಿಡ್ಲಿವಿಕಿ ಅನ್ನುವ ತಂತ್ರಾಂಶದಲ್ಲಿ ಒಂದೊಂದು ಸಣ್ಣ ಬರಹಕ್ಕೆ ಟಿಡ್ಲರ್ ಅನ್ನುತ್ತಾರೆ. ಮಕ್ಕಳ ಬಾಯಲ್ಲಿ ಅದು ಚೀಟಿ ಆಗಿದೆ, ಹಾಗೇ ಇರಲಿ.

ನಮ್ಮ ಲ್ಯಾಬಿನಲ್ಲಿ ನೆಟ್ ಇರುವ ದಿನಕ್ಕಿಂತ ಇಲ್ಲದ ದಿನವೇ ಜಾಸ್ತಿ. ಅದಕ್ಕೇ ಟಿಡ್ಲಿವಿಕಿ ಹಿಡಿದೆ. ಜೆರೆಮಿ ರಸ್ಟನ್ 2004ರಲ್ಲಿ ಶುರು ಮಾಡಿದ ಮುಕ್ತ ತಂತ್ರಾಂಶ. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲು. ಪೆನ್‌ಡ್ರೈವಿಗೆ ಹಾಕಿ ಫೈರ್‌ಫಾಕ್ಸಿನಲ್ಲಿ ತೆರೆದರೆ ಮುಗಿಯಿತು.

ಮೊದಲೆರಡು ವಾರ ಟೈಪಿಂಗಿಗೇ ಹೋಯಿತು. ನನ್ನ ಹಳೆಯ ಟಿಪ್ಪಣಿಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರಗಳಿಗೆ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟಿನಲ್ಲಿದ್ದವು. ಅಂಟಿಸಿದರೆ ಕನ್ನಡದ ಬದಲು ಏನೇನೋ ಗೀಚು. ಪರಿವರ್ತಕಕ್ಕೆ ಹಾಕಿ ಸರಿಮಾಡಿದೆ. ವಿಂಡೋಸ್ ಬದಲು ಬಳಸುವ ಉಬುಂಟುವಿನಲ್ಲೂ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇದೆ, ಪುಣ್ಯ.

ಮೂರನೇ ವಾರ ಫೋಟೊ ಎಳೆದು ಹಾಕಿದೆವು. ಚಿತ್ರವೂ ಅದೇ ಫೈಲಿನೊಳಗೆ ಅಕ್ಷರಗಳಾಗಿ ಸೇರುತ್ತದೆ, ಅದೂ ಮೂರನೇ ಒಂದು ಪಾಲು ಉಬ್ಬಿಕೊಂಡು. ಹತ್ತು ಹನ್ನೆರಡು ಫೋಟೊ ಆಗುವಷ್ಟರಲ್ಲಿ ನಮ್ಮ ಹಳೇ ಕಂಪ್ಯೂಟರ್ ಏದುಸಿರು ಬಿಟ್ಟಿತು. ಈಗ ಚಿತ್ರಗಳನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿ ಪಕ್ಕದ ಫೋಲ್ಡರಿನಲ್ಲಿ ಇಡುತ್ತೇವೆ.

ಮಜಾ ಬಂದಿದ್ದು ಕೊಂಡಿ ಹಾಕಲು ಕಲಿತ ಮೇಲೆ. ಹೆಸರಿನ ಎರಡೂ ಕಡೆ ಜೋಡಿ ಚೌಕ ಆವರಣ ಹಾಕಿದರೆ ಕೊಂಡಿ ಆಗುತ್ತದೆ. ಆ ಹೆಸರಿನ ಚೀಟಿ ಇನ್ನೂ ಇಲ್ಲದಿದ್ದರೆ ಅಕ್ಷರ ಓರೆಯಾಗಿ ಕಾಣುತ್ತದೆ. ಹೊಂಗೆ ಚೀಟಿಯಲ್ಲಿ ಒಬ್ಬಳು 'ಕಾಯಿ ನೋಡಿದರೆ ಅವರೆಕಾಯಿಯ ನೆಂಟ ಅನ್ನಿಸುತ್ತೆ' ಅಂತ ಬರೆದು ಅವರೆಗೆ ಕೊಂಡಿ ಹಾಕಿದ್ದಳು. ನಾನು ಹೇಳಿಕೊಟ್ಟಿರಲಿಲ್ಲ. ನಿಜಕ್ಕೂ ಎರಡೂ ಒಂದೇ ಕುಟುಂಬ, ಹುಣಸೆಯೂ ಅದರದ್ದೇ. ಮರುದಿನ ಹಿಂದಿನ ಬೆಂಚಿನವನು ಬಂದು, "ಮಿಸ್, ಅವರೆ ಇನ್ನೂ ಓರೆಯಾಗೇ ಇದೆ, ನಾನು ಬರೀಲಾ?" ಅಂದ. ಹೋಮ್‌ವರ್ಕ್ ಅಂದರೆ ಮಾರು ದೂರ ಓಡುವ ಹುಡುಗ!

ಸೇವ್ ಮಾಡುವುದೇ ತಲೆನೋವು. ಮೂಲ ಫೈಲನ್ನು ಮುಟ್ಟಲು ಬ್ರೌಸರ್ ಬಿಡುವುದಿಲ್ಲ. ಪ್ರತಿ ಸಲ ಹೊಸ ಪ್ರತಿ ಡೌನ್‌ಲೋಡ್ ಆಗುತ್ತದೆ. ಮರಗಳು, ಮರಗಳು(1), ಮರಗಳು(2)... ಒಂದು ಗುಂಪು ಹಳೆಯದನ್ನೇ ತೆರೆದು ಬರೆದು, ಒಂದಿಡೀ ಪೀರಿಯಡ್ಡಿನ ಕೆಲಸ ಕಳೆದುಕೊಂಡಿತು. ಈಗ ಇವತ್ತಿನ ಫೈಲಿನ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇವೆ.

ಶನಿವಾರ ನಾಲ್ಕೂ ಗುಂಪಿನ ಪೆನ್‌ಡ್ರೈವ್ ಒಟ್ಟು ಮಾಡಬೇಕು. ಒಂದು ಫೈಲನ್ನು ಇನ್ನೊಂದರ ಮೇಲೆ ಎಳೆದು ಬಿಟ್ಟರೆ ಚೀಟಿಗಳು ಸೇರುತ್ತವೆ. ಆದರೆ ಒಂದೇ ಹೆಸರಿದ್ದರೆ ಹಳೆಯದರ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ಎರಡು ಗುಂಪು 'ಬೇವು' ಬರೆದಿವೆ. ಹೆಸರು ಬದಲಿಸಲು ಇಬ್ಬರೂ ಒಪ್ಪುತ್ತಿಲ್ಲ.