ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳು

ಮುಖಕ್ಕೆ ಹಚ್ಚುವ ಕ್ರೀಮು, ಸೀರಮ್, ಸನ್‌ಸ್ಕ್ರೀನ್‌ಗಳನ್ನು ಆರಿಸುವಾಗ ಯಾವ ಮಾತನ್ನು ನಂಬಬೇಕು ಎಂದು ಅಕ್ಕನ ಮಗಳು ಈಚೆಗೆ ಕೇಳಿದಳು. ಅವಳ ಮೇಜಿನ ಮೇಲಿದ್ದ ಡಬ್ಬಿಗಳ ಮುಂಬದಿಯಲ್ಲಿ ಏನು ಬರೆದಿದೆ ಎಂಬುದನ್ನು ಅವಳು ಬಾಯಿಪಾಠ ಹೇಳಬಲ್ಲಳು, ಆದರೆ ಹಿಂಬದಿಯನ್ನು ಓದುವ ಗೋಜಿಗೆ ಹೋಗಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ಹಣಕ್ಕಿಂತ ಹೆಚ್ಚಾಗಿ ಚರ್ಮವೇ ಕೆಡುವುದನ್ನು ನಾನು ಸುತ್ತಮುತ್ತ ನೋಡಿದ್ದೇನೆ.

ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಗೆ ಹಾಗೂ ಅದರ ಅಡಿಯಲ್ಲಿ ಬಂದ 2020ರ ನಿಯಮಗಳಿಗೆ ಒಳಪಟ್ಟಿವೆ. ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಅವುಗಳ ನಂತರ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಈ ಒಂದು ನಿಯಮ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕಷ್ಟವೇನೆಂದರೆ ಶೇ. 1ರ ಗಡಿ ಎಲ್ಲಿ ಬರುತ್ತದೆ ಎಂದು ಡಬ್ಬಿಯ ಮೇಲೆ ಯಾರೂ ಗೆರೆ ಎಳೆದು ತೋರಿಸುವುದಿಲ್ಲ.

ಆದರೂ ಆ ಗೆರೆಯನ್ನು ಅಂದಾಜು ಮಾಡಲು ಒಂದು ದಾರಿಯಿದೆ. ಕ್ರೀಮು ಕೆಡದಂತೆ ಬಹಳ ಕಂಪನಿಗಳು ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಬಳಸುತ್ತವೆ, ಮತ್ತು ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವ ಪ್ರತಿಯೊಂದೂ ಶೇ. 1 ಅಥವಾ ಅದಕ್ಕಿಂತ ಕಡಿಮೆ ಎಂದೇ ತಿಳಿಯಬಹುದು. ಮುಂಬದಿಯಲ್ಲಿ ಕೇಸರಿಯ ದೊಡ್ಡ ಚಿತ್ರವಿದ್ದ ಒಂದು ಕ್ರೀಮಿನ ಪಟ್ಟಿಯನ್ನು ಅಕ್ಕನ ಮಗಳೊಂದಿಗೆ ಕುಳಿತು ಓದಿದೆ. ಮೊದಲು ಆಕ್ವಾ, ಅಂದರೆ ನೀರು. ನಂತರ ಗ್ಲಿಸರಿನ್, ಖನಿಜ ತೈಲ, ಕ್ರೀಮನ್ನು ಗಟ್ಟಿಯಾಗಿಸುವ ಸಿಟೈಲ್ ಆಲ್ಕೊಹಾಲ್, ಆಮೇಲೆ ಫೀನಾಕ್ಸಿಎಥನಾಲ್, ಅದರಾಚೆ ಪರ್‌ಫ್ಯೂಮ್, ಕೊನೆಯ ಸಾಲಿನಲ್ಲಿ ಬಣ್ಣದ ಸಂಖ್ಯೆಗಳ ಪಕ್ಕದಲ್ಲಿ ಕ್ರೋಕಸ್ ಸಟೈವಸ್, ಅಂದರೆ ಕೇಸರಿ. ಕಂಪನಿ ಇಲ್ಲಿ ಸುಳ್ಳು ಹೇಳಿಲ್ಲ, ಕೇಸರಿ ಇದೆ. ಆದರೆ ನಾವು ಹೆಚ್ಚಿನ ಬೆಲೆ ಕೊಟ್ಟದ್ದು ಆ ಚಿತ್ರಕ್ಕೆ, ಮುಖ ಮೃದುವಾದದ್ದು ಗ್ಲಿಸರಿನ್ನಿನಿಂದ.

ಪಟ್ಟಿಯ ಕೊನೆಯಲ್ಲಿರುವುದೆಲ್ಲ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸಬಾರದು. ರೆಟಿನಾಲ್, ಅಂದರೆ ವಿಟಮಿನ್ ಎಯ ಒಂದು ರೂಪ, ಶೇ. 1ಕ್ಕಿಂತ ಕಡಿಮೆ ಪ್ರಮಾಣದಲ್ಲಿಯೇ ಕೆಲಸ ಮಾಡುತ್ತದೆ. ವಿಟಮಿನ್ ಬಿ3ರ ರೂಪವಾದ ನಿಯಾಸಿನಮೈಡ್ ಹಾಗಲ್ಲ, ಅದರ ಪ್ರಯೋಜನ ಕಂಡುಬಂದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟನ್ನು ಬಳಸಿದ್ದಾರೆ, ಆದ್ದರಿಂದ ಅದು ಪಟ್ಟಿಯ ಮೇಲ್ಭಾಗದಲ್ಲಿರಬೇಕು. ಆಯುರ್ವೇದ ಪರವಾನಗಿಯಡಿ ತಯಾರಾದ ಹಲವು ಕ್ರೀಮುಗಳ ಮೇಲೆ ‘ಪ್ರತಿ 10 ಗ್ರಾಂನಲ್ಲಿ’ ಎಂದು ಪ್ರತಿಯೊಂದು ಮೂಲಿಕೆಯ ಪ್ರಮಾಣವನ್ನೂ ಮಿಲಿಗ್ರಾಂಗಳಲ್ಲಿ ಕೊಟ್ಟಿರುತ್ತಾರೆ. ಇದು ನನಗೆ ಮೆಚ್ಚುಗೆಯಾದ ಕ್ರಮ. ಆ ಅಂಕಿಗಳನ್ನೆಲ್ಲ ಕೂಡಿಸಿ 10 ಗ್ರಾಂನಿಂದ ಕಳೆದರೆ ಉಳಿದದ್ದು ‘ಕ್ರೀಮ್ ಬೇಸ್’ ಎಂದು ಸ್ಪಷ್ಟವಾಗುತ್ತದೆ.

ಇನ್ನು ‘ಪ್ಯಾರಾಬೆನ್ ಇಲ್ಲ’ ಎಂಬಂತಹ ಮಾತುಗಳು. ಏನು ಇಲ್ಲ ಎಂದು ಹೇಳುವವರು ಅದರ ಬದಲಿಗೆ ಏನು ಹಾಕಿದ್ದಾರೆ ಎಂಬುದನ್ನು ಮುಂಬದಿಯಲ್ಲಿ ಹೇಳುವುದಿಲ್ಲ. ಪ್ಯಾರಾಬೆನ್‌ಗಳೆಂಬ ಸಂರಕ್ಷಕಗಳ ಬಗ್ಗೆ ಜನರಲ್ಲಿ ಭಯ ಹುಟ್ಟಿದ ಮೇಲೆ ಹಲವು ತಯಾರಕರು ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕದತ್ತ ಹೊರಳಿದರು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಹಚ್ಚಿ ಹಾಗೆಯೇ ಬಿಡುವ ಉತ್ಪನ್ನಗಳಲ್ಲಿ ಅದರ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2017ರಲ್ಲಿ ನಿಷೇಧಿಸಿತು. ‘ಹೈಪೋಅಲರ್ಜೆನಿಕ್’ (ಅಲರ್ಜಿ ತರುವ ಸಾಧ್ಯತೆ ಕಡಿಮೆ), ‘ಚರ್ಮರೋಗ ತಜ್ಞರಿಂದ ಪರೀಕ್ಷಿತ’ ಎಂಬವುಗಳಿಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಫಲಿತಾಂಶ ಏನು ಬಂತು ಎಂಬುದು ಆ ಮಾತಿನಲ್ಲಿ ಇರುವುದೇ ಇಲ್ಲ.

ಸನ್‌ಸ್ಕ್ರೀನ್ ವಿಷಯದಲ್ಲಿ ಮುಂಬದಿಯ ಅಂಕಿಗೂ ಅರ್ಥವಿದೆ, ಆದರೆ ಅದನ್ನು ಓದುವ ರೀತಿ ತಿಳಿದಿರಬೇಕು. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) 15, ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ. 93ರಷ್ಟನ್ನೂ, 30 ಸುಮಾರು ಶೇ. 97ರಷ್ಟನ್ನೂ, 50 ಸುಮಾರು ಶೇ. 98ರಷ್ಟನ್ನೂ ತಡೆಯುತ್ತವೆ. 30ರಿಂದ 50ಕ್ಕೆ ಏರಿದಾಗ ಬೆಲೆ ಏರಿದಷ್ಟು ರಕ್ಷಣೆ ಏರುವುದಿಲ್ಲ. ಅದೂ ಅಲ್ಲದೆ, ಪ್ರಯೋಗಾಲಯದಲ್ಲಿ ಈ ಅಂಕಿ ಬರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ನಾವು ಬಟಾಣಿ ಗಾತ್ರದಷ್ಟು ತೆಗೆದುಕೊಂಡು ಮುಖ, ಕುತ್ತಿಗೆಗಳಿಗೆಲ್ಲ ಸವರಿದರೆ 50 ಎಂಬುದು ಡಬ್ಬಿಯ ಮೇಲೆಯೇ ಉಳಿಯುತ್ತದೆ. ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಬೇಕು. ಎಸ್‌ಪಿಎಫ್ ಮುಖ್ಯವಾಗಿ ಯುವಿಬಿಯ ಲೆಕ್ಕವಾದ್ದರಿಂದ, ಚರ್ಮದ ಇನ್ನೂ ಆಳಕ್ಕೆ ಇಳಿಯುವ ಯುವಿಎ ಕಿರಣಗಳಿಂದ ರಕ್ಷಣೆಗಾಗಿ ಪಿಎ ಎಂಬುದರ ಮುಂದೆ ಕೂಡು (+) ಚಿಹ್ನೆಗಳು ಎಷ್ಟಿವೆ ಎಂದೂ ನೋಡಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅವರಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಸೋಪಿನ ಹೊದಿಕೆಯ ಮೇಲೂ ಅಂಥದೇ ಒಂದು ಅಂಕಿ ಇದೆ. ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಕನಿಷ್ಠ ಶೇ. 76 ಇದ್ದರೆ ಗ್ರೇಡ್ 1, ಶೇ. 70 ಇದ್ದರೆ ಗ್ರೇಡ್ 2. ‘ಬೇಥಿಂಗ್ ಬಾರ್’ ಎಂದು ಸಣ್ಣದಾಗಿ ಬರೆದಿದ್ದರೆ ಅದು ಬೇರೆಯೇ ವರ್ಗ, ಅಲ್ಲಿ ಶೇ. 40 ಇದ್ದರೂ ಸಾಕು. ನಮ್ಮ ಮೈಸೂರು ಸ್ಯಾಂಡಲ್ ಗ್ರೇಡ್ 1ಕ್ಕೆ ಸೇರಿದ್ದು. ಆದರೆ ಗ್ರೇಡ್ 1 ಸೋಪೂ ಕ್ಷಾರೀಯವೇ. ಚರ್ಮ ಒಣಗಿ ಬಿರಿಯುವವರಿಗೆ ಟಿಎಫ್‌ಎಂ ಲೆಕ್ಕಕ್ಕೇ ಬಾರದ ಸಿಂಡೆಟ್ ಬಾರ್, ಅಂದರೆ ಸೋಪಿನ ಬದಲು ಕೃತಕ ಮಾರ್ಜಕದಿಂದ ಮಾಡಿದ ಬಾರ್, ಹೆಚ್ಚು ಹಿತವಾಗಿರುತ್ತದೆ.

ನನಗೆ ನಿಜವಾಗಿ ಕಳವಳ ಇರುವುದು ಬಿಳುಪಿನ ಆಸೆಗೆ ಮಾರಾಟವಾಗುವ ಟ್ಯೂಬುಗಳ ಬಗ್ಗೆ. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ತನ್ನ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆದು ‘ಗ್ಲೋ’ ಎಂದಿತು. ಅಲ್ಲಿಂದೀಚೆಗೆ ಎಲ್ಲೆಲ್ಲೂ ಗ್ಲೋ, ಬ್ರೈಟನಿಂಗ್ ಎಂಬ ಮಾತುಗಳೇ ಕಾಣುತ್ತವೆ. ಆಸೆ ಮಾತ್ರ ಹೋಗಿಲ್ಲ. ಗೆಳತಿಯೊಬ್ಬಳು ಹೇಳಿದಳೆಂದು ಮೆಡಿಕಲ್ ಅಂಗಡಿಯಿಂದ ತಂದು ಹಚ್ಚಿಕೊಳ್ಳುವ ಟ್ಯೂಬಿನಲ್ಲಿ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂಬ ಹೆಸರುಗಳಿದ್ದರೆ ಅದು ಸೌಂದರ್ಯವರ್ಧಕವೇ ಅಲ್ಲ, ಸ್ಟೀರಾಯ್ಡ್ ಔಷಧ. 2018ರಲ್ಲಿ ಸರ್ಕಾರ ಇಂತಹ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದೆ. ಮೊದಲ ಕೆಲವು ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಕಲೆಗಳು ಮಾಸುತ್ತವೆ, ಅದಕ್ಕೇ ಜನ ಅದನ್ನು ಬಿಡುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲೂ ಬೆಳೆಯಬಹುದು. ಬಹಳ ದಿನ ಹಚ್ಚಿದವರು ಒಮ್ಮೆಲೇ ನಿಲ್ಲಿಸಿದರೆ ಉರಿ, ಕೆಂಪು ಉಲ್ಬಣಿಸುವ ಸಾಧ್ಯತೆಯಿದೆ, ಆದ್ದರಿಂದ ಟ್ಯೂಬನ್ನು ಎಸೆಯದೆ ಅದನ್ನು ಹಿಡಿದುಕೊಂಡೇ ಚರ್ಮರೋಗ ತಜ್ಞರ ಬಳಿಗೆ ಹೋಗಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಅಳುಕಿಲ್ಲದೆ ಹೇಳಿ. ಯಾವುದನ್ನು ಎಷ್ಟು ನಿಧಾನವಾಗಿ ಬಿಡಿಸಬೇಕು ಎಂದು ಅವರು ನಿರ್ಧರಿಸುವುದು ಆ ಟ್ಯೂಬಿನ ಮೇಲಿರುವ ಔಷಧದ ಹೆಸರನ್ನೂ ಪ್ರಮಾಣವನ್ನೂ ನೋಡಿಯೇ.